ಎಲ್ಲ ಋತುಗಳ ಅಣಬೆ

ಬಸ್ ನಿಲ್ದಾಣದ ಹಿಂಭಾಗದಲ್ಲಿ, ಟಿಕೆಟ್ ಕೊಠಡಿಗೂ ಶೌಚಾಲಯಕ್ಕೂ ನಡುವೆ, ಕಳೆದುಹೋದ ವಸ್ತುಗಳ ವಿಭಾಗ ಎಂಬ ಒಂದು ಕೋಣೆಯಿತ್ತು. ಅಲ್ಲಿನ ಗುಮಾಸ್ತನನ್ನು ಎಲ್ಲರೂ ಚೀಟಿರಾಯ ಎಂದು ಕರೆಯುತ್ತಿದ್ದರು. ಪ್ರಯಾಣಿಕರು ಮರೆತುಹೋದ ಕೊಡೆ, ಒಂಟಿ ಚಪ್ಪಲಿ, ಕಟ್ಟಿಸಿದ ಹಲ್ಲಿನ ಸೆಟ್ಟು ಎಲ್ಲವನ್ನೂ ಕಂಡಕ್ಟರುಗಳು ತಂದು ಅವನ ಮೇಜಿನ ಮೇಲೆ ಸುರಿಯುತ್ತಿದ್ದರು. ಅವನು ಬಣ್ಣ, ಅಳತೆ, ಸಿಕ್ಕ ಜಾಗ ಬರೆದು ಒಂದೊಂದಕ್ಕೂ ಚೀಟಿ ಕಟ್ಟುತ್ತಿದ್ದ. ಅದು ನಿಜವಾಗಿ ಏನು ಎಂದು ವಿಚಾರಿಸುವ ಪದ್ಧತಿ ಆ ವಿಭಾಗದಲ್ಲಿ ಇರಲಿಲ್ಲ. ತಂದವನು ಕೊಳಲು ಎಂದರೆ ಕೊಳಲು. ಆಮೇಲೆ ಕೊಳಾಯಿಯವನು ಬಂದು, ‘ಸ್ವಾಮಿ, ಅದು ನನ್ನ ಪೈಪು’ ಎಂದು ಗೋಗರೆದರೂ ಪ್ರಯೋಜನವಿಲ್ಲ. ಚೀಟಿಯಲ್ಲಿ ಕೊಳಲು ಎಂದಿದೆ. ಬೇಕಿದ್ದರೆ ಊದಿ ತೋರಿಸಬೇಕು.

ಇಂಥ ವಿವೇಕಿಯನ್ನು ಬಂಧುಬಳಗ ಗುರುತಿಸಲಿಲ್ಲವೆಂಬುದು ದುಃಖದ ಸಂಗತಿ. ಮದುವೆಮನೆಗಳಲ್ಲಿ ಅವನ ಷಡ್ಡಕನನ್ನು ‘ಇವರು ಇಂಜಿನಿಯರು’ ಎಂದು ಪರಿಚಯಿಸುತ್ತಿದ್ದರು. ಚೀಟಿರಾಯನ ಸರದಿ ಬಂದಾಗ ‘ಇವರು... ಇವರೂ ನಮ್ಮವರೇ’ ಎನ್ನುತ್ತಿದ್ದರು. ಆ ‘ಇವರು’ ಮತ್ತು ‘ಇವರೂ’ಗಳ ನಡುವಿನ ಮೌನದಲ್ಲಿ ಅವನು ಎಷ್ಟೋ ಸಲ ಬಿದ್ದಿದ್ದ. ಯಾವುದಾದರೂ ಒಂದಕ್ಕೆ ಅಧ್ಯಕ್ಷನಾಗಬೇಕೆಂದು ಕೊನೆಗೆ ನಿರ್ಧರಿಸಿದ. ಸಂಗೀತ ಸಭೆಯಲ್ಲಿ ವಿಪರೀತ ಪೈಪೋಟಿ. ವಾಯುವಿಹಾರ ಬಳಗದಲ್ಲಿ ನಡೆಯಬೇಕಿತ್ತು. ಉಳಿದದ್ದು ಅಣಬೆ ಸಂಘ.

ಅಣಬೆ ಸಂಘವೆಂದರೆ, ಬೇರೆ ಸಂಘಗಳಲ್ಲಿ ಅಧ್ಯಕ್ಷರಾಗಲು ಆಗದ ಮಹನೀಯರ ಕೂಟ. ಭಾನುವಾರ ಬೆಳಿಗ್ಗೆ ಟೋಪಿ ಹಾಕಿಕೊಂಡು, ಭೂತಗನ್ನಡಿ ಹಿಡಿದು, ಬಡಾವಣೆಯ ಹಿಂದಿನ ಕಾಡಿಗೆ ಹೋಗುತ್ತಿದ್ದರು. ಮೊದಲ ಮಳೆಗೆ ಏಳುವ ಅಣಬೆಗಳು, ಮಳೆ ನಿಂತ ಮೇಲಿನವು, ಚಳಿಯಲ್ಲಿ ಕೊಳೆತ ದಿಮ್ಮಿಗೆ ಅಂಟುವವು, ಹೀಗೆ ಋತುವಾರು ಗುರುತಿಸಿ ದಾಖಲಿಸುತ್ತಿದ್ದರು. ಯಾರಿಗೂ ತಾಳೆ ನೋಡಲಾಗದ ಲ್ಯಾಟಿನ್ ಹೆಸರುಗಳನ್ನು ಪರಸ್ಪರರ ಮುಖಕ್ಕೆ ಎಸೆದು, ಉಪ್ಪಿಟ್ಟಿನ ಯೋಚನೆಯಲ್ಲಿ ಮನೆಗೆ ಮರಳುತ್ತಿದ್ದರು. ಅಧ್ಯಕ್ಷರು ವಾಣಿಜ್ಯಶಾಸ್ತ್ರದ ನಿವೃತ್ತ ಪ್ರೊಫೆಸರು. ಕಣ್ಣು ಮಂಜಾಗಿದ್ದರೂ ಕಂಠ ಗಟ್ಟಿಯಾಗಿತ್ತು. ಅವರು ಆ ಮಳೆಗಾಲದ ಆರಂಭದಲ್ಲೇ ಘೋಷಿಸಿಬಿಟ್ಟರು: “ಮುಂದಿನ ವಾರ್ಷಿಕ ಸಭೆಗೆ ನಾನು ಕುರ್ಚಿ ಬಿಡ್ತೀನಿ. ಅಷ್ಟರಲ್ಲಿ ಯಾರು ಅತಿ ಮಹತ್ವದ ಅಣಬೆ ದಾಖಲಿಸ್ತಾರೋ ಅವರೇ ಅಧ್ಯಕ್ಷರು.”

ಆ ದಿನ ಎಲ್ಲರಿಗೂ ಒಂದೊಂದು ಸಿಕ್ಕಿತು. ಚೀಟಿರಾಯನಿಗೆ ಸಿಕ್ಕಿದ್ದು ಯಾರೋ ಬಿಟ್ಟುಹೋದ ಕೈಗವಸು. ಅಭ್ಯಾಸಬಲದಿಂದ ಅದಕ್ಕೊಂದು ಚೀಟಿ ಕಟ್ಟಿ, ಮುಖ ಊದಿಸಿಕೊಂಡು ಮನೆ ಕಡೆ ಬಂದ.

ಅವನ ಮನೆ ಬೀದಿಯ ಕೊನೆಯಲ್ಲಿ, ಕಾಡು ಶುರುವಾಗುವಲ್ಲಿ ಇತ್ತು. ಪಕ್ಕದಲ್ಲಿ ಟೈಲರಮ್ಮನ ಮನೆ. ಅದಕ್ಕೆ ತಗುಲಿ ತಗಡಿನ ಚಾವಣಿಯ ಹೊಲಿಗೆ ಕೋಣೆ. ಎರಡೂ ಮನೆಗಳ ನಡುವೆ ಒಂದು ಭಾರಿ ಒಣಮರ ನಿಂತಿತ್ತು. ಅದು ಯಾವತ್ತಾದರೂ ಬಿದ್ದೇ ಬೀಳುತ್ತದೆ ಎಂಬುದರಲ್ಲಿ ಎರಡು ಮಾತಿರಲಿಲ್ಲ. ಬಿದ್ದರೆ ತನ್ನ ತಗಡಿನ ಮೇಲೇ ಎಂದು ಟೈಲರಮ್ಮನಿಗೆ ಖಾತ್ರಿಯಿತ್ತು. ಚೀಟಿರಾಯನಿಗೂ ಅದೇ ಖಾತ್ರಿ ಇದ್ದುದರಿಂದ ಅವನು ನೆಮ್ಮದಿಯಾಗಿದ್ದ. ಆಕೆ ವರ್ಷಗಟ್ಟಲೆ ಕಚೇರಿಗೆ ಅಲೆದು, ಚಪ್ಪಲಿ ಸವೆಸಿ, ಮರ ಕಡಿಯಲು ಅಪ್ಪಣೆ ಪಡೆದಿದ್ದಳು. ಮರುದಿನ ಕಡಿಯುವವರು ಬರುವುದಿತ್ತು.

ಆ ಮರದ ಕಾಂಡದಲ್ಲಿ, ಟೈಲರಮ್ಮನ ಕಡೆಗೆ, ಆಳೆತ್ತರಕ್ಕಿಂತ ಸ್ವಲ್ಪ ಮೇಲೆ, ಹಳದಿ ಬಣ್ಣದ ಒಂದು ಮುದ್ದೆ ಉಬ್ಬಿಕೊಂಡಿರುವುದನ್ನು ಚೀಟಿರಾಯ ಕಂಡ.

ಅದು ಏನೆಂದು ಓದುಗರಿಗೆ ಈಗಲೇ ಹೇಳಿಬಿಡುತ್ತೇವೆ. ಗುಟ್ಟು ಮಾಡುವಷ್ಟು ಘನವಾದ ವಿಷಯ ಅದಲ್ಲ. ಚೀಟಿರಾಯನ ಭಾವಮೈದುನ ಕಿಟಕಿ ಕೂರಿಸುವ ಕೆಲಸದವನು. ಕಿಟಕಿಯ ಚೌಕಟ್ಟಿಗೂ ಗೋಡೆಗೂ ನಡುವಿನ ಸಂದಿಗೆ ಡಬ್ಬಿಯಿಂದ ಫೋಮ್ ಹಿಂಡುತ್ತಾರಲ್ಲ, ನೊರೆಯಂತೆ ಬಂದು, ಉಬ್ಬಿ, ಗಟ್ಟಿಯಾಗುವ ವಸ್ತು, ಅದನ್ನು ಒಮ್ಮೆ ತೆರೆದರೆ ಉಳಿಸಿಡಲಾಗದು; ಮರುದಿನಕ್ಕೆ ಮೂತಿ ಕಟ್ಟಿಕೊಳ್ಳುತ್ತದೆ. ಹಾಗಾಗಿ ಆ ಕಸುಬಿನವರು ಉಳಿದದ್ದನ್ನು ದಾರಿಯಲ್ಲಿ ಸಿಕ್ಕ ಕಲ್ಲಿಗೋ ಕಂಬಕ್ಕೋ ಹಿಂಡಿ ಡಬ್ಬಿ ಎಸೆಯುತ್ತಾರೆ. ಹಿಂದಿನ ದಿನ ಅವನು ಟೈಲರಮ್ಮನ ಕಿಟಕಿ ಕೂರಿಸಿ, ಮಿಕ್ಕ ಫೋಮನ್ನು ಮರಕ್ಕೆ ಹಿಂಡಿ, ಅಕ್ಕನ ಮನೆಗೆ ಊಟಕ್ಕೆ ಹೋಗಿದ್ದ.

ಮುದ್ದೆಯನ್ನು ಹತ್ತಿರದಿಂದ ನೋಡಲು ಚೀಟಿರಾಯನಿಗೆ ಎತ್ತರ ಸಾಲಲಿಲ್ಲ. ಮರದ ಬುಡದಲ್ಲಿ, ಬೇರಿನ ಪಕ್ಕ, ಕಂದು ಬಣ್ಣದ ತಟ್ಟೆಯಂಥದ್ದೇನೋ ಗಟ್ಟಿಯಾಗಿ ಚಾಚಿಕೊಂಡಿತ್ತು. ಅದರ ಮೇಲೆ ಕಾಲಿಟ್ಟು ಹತ್ತಿದ. ಆ ತಟ್ಟೆ ನಿಜವಾದ ಅಣಬೆ. ಬುಡದಲ್ಲಿ ಅದು ಎದ್ದಿತೆಂದರೆ ಮರದೊಳಗೆ ತಿರುಳು ಉಳಿದಿಲ್ಲವೆಂದು ಅಣಬೆಯ ಬಗ್ಗೆ ಬರೆದ ಯಾವ ಪುಸ್ತಕದಲ್ಲಾದರೂ ಇದ್ದೀತು. ಸಂಘದವರು ಆಮೇಲೆ ಒಬ್ಬೊಬ್ಬರಾಗಿ ಅದರ ಮೇಲೆಯೇ ಕಾಲಿಟ್ಟು ಹತ್ತಿ, ಫೋಮ್ ನೋಡಿ, ಇಳಿದರು.

ಪ್ರೊಫೆಸರರು ಕೆಳಗೇ ನಿಂತು ಪರೀಕ್ಷೆ ನಡೆಸಿದರು.

“ವಾಸನೆ?”

ಚೀಟಿರಾಯ ಮೂಸಿದ. “ಹೊಸ ಕಿಟಕಿ ವಾಸನೆ ಸಾರ್.”

“ಕಿಟಕಿ ಅಂತ ಬರೀಬೇಡಿ. ರಾಳದ ಕಂಪು ಅನ್ನಿ. ಮುಟ್ಟಿದರೆ?”

“ಟಕ್ ಟಕ್ ಅನ್ನುತ್ತೆ ಸಾರ್.”

“ಭೇಷ್! ಹುಳ ತಿಂದಿದೆಯಾ?”

“ಒಂದೂ ಹತ್ತಿರ ಬಂದಿಲ್ಲ. ಇರುವೆ ಕೂಡ ಸುತ್ತು ಹಾಕಿ ಹೋಗ್ತಿದೆ.”

“ಘೋರ ವಿಷ,” ಎಂದು ಪ್ರೊಫೆಸರರು ಪಿಸುಗುಟ್ಟಿದರು. ಸದಸ್ಯರು ಒಂದು ಹೆಜ್ಜೆ ಹಿಂದೆ ಸರಿದರು.

ಅಣಬೆ ಯಾವುದೆಂದು ತಿಳಿಯಲು ಅದರ ಕೆಳಗೆ ಬಿಳಿ ಕಾಗದ ಇಟ್ಟು ಕಾಯುತ್ತಾರೆ. ಬೀಜಕಗಳು ಪುಡಿಯಾಗಿ ಉದುರಿ ಬಣ್ಣ ತೋರಿಸುತ್ತವೆ. ಕಾಗದ ಇಟ್ಟರು, ಕಾದರು. ಕಾಗದ ಕಾಗದವಾಗಿಯೇ ಉಳಿಯಿತು.

“ಬೀಜಕಾನೇ ಇಲ್ಲದೆ ಅಣಬೆ ಹೇಗೆ ಸಾರ್?” ಎಂದ, ಔಷಧಿ ಅಂಗಡಿಯ ಒಬ್ಬ ಸದಸ್ಯ.

“ನೀವೆಲ್ಲ ಹೀಗೆ ಕಣ್ಣು ಬಿಟ್ಕೊಂಡು ನೋಡ್ತಾ ಇದ್ರೆ ಅದು ಹೇಗ್ರೀ ಉದುರಿಸುತ್ತೆ? ಸಂಕೋಚದ ಪ್ರಭೇದ!”

ಔಷಧಿ ಅಂಗಡಿಯವನು ತಲೆ ತಗ್ಗಿಸಿದ. ಅವನಿಗೂ ಸಂಕೋಚದ ಸ್ವಭಾವವಿತ್ತು.

ಮರುದಿನ ಬೆಳಿಗ್ಗೆ ಗರಗಸದವರು ಬರುವ ಮೊದಲೇ, ಸಂಘ ಕಳಿಸಿದ ಪತ್ರ ಹಿಡಿದು, ಮರಗಳ ಅಧಿಕಾರಿ ಬಂದ. ಅಪರೂಪದ ಜೀವಿಯಿರುವ ಮರವನ್ನು ಕಡಿಯಬಾರದು, ಅಲುಗಾಡಿಸಬಾರದು, ಮರಕ್ಕೆ ಹಾನಿ ಮಾಡಿದವರಿಗೆ ದಂಡವೂ ಉಂಟು, ಸೆರೆಯೂ ಉಂಟು ಎಂದು ಸಾರಿ, ಬೋರ್ಡು ನೆಡಿಸಿ, ಸುತ್ತಲೂ ಕೆಂಪು ಪಟ್ಟಿ ಕಟ್ಟಿಸಿದ. ಊಟದ ಡಬ್ಬಿ ಹಿಡಿದು ಕೆಲಸಕ್ಕೆ ಹೊರಟಿದ್ದ ಭಾವಮೈದುನ ‘ಸೆರೆ’ ಎಂಬ ಮಾತು ಕೇಳಿ, ಹೇಳಬೇಕೆಂದು ತೆರೆದ ಬಾಯನ್ನು ಆಕಳಿಕೆಯಾಗಿ ಮಾರ್ಪಡಿಸಿದ.

ಟೈಲರಮ್ಮ ಕತ್ತರಿ ಹಿಡಿದುಕೊಂಡೇ ಹೊರಗೆ ಬಂದಳು.

“ಏನ್ ಸ್ವಾಮಿ ಇದು? ಕಡೀರಿ ಅಂತ ನಿಮ್ಮ ಕೈಯಾರೆ ಬರೆದುಕೊಟ್ಟಿದ್ದೀರಲ್ಲ!”

“ಆವಾಗ ಅಣಬೆ ಇರಲಿಲ್ಲಮ್ಮ.”

“ಮರ ನನ್ನ ತಲೆ ಮೇಲೆ ಬಿದ್ರೆ?”

“ಬಿದ್ದ ಮೇಲೆ ಬಂದು ಅರ್ಜಿ ಕೊಡಿ. ಆಗ ಅದು ಬೇರೆ ವಿಭಾಗ.”

ಆಕೆ ಚೀಟಿರಾಯನ ಕಡೆ ತಿರುಗಿದಳು. “ರಾಯರೇ, ನಿಮಗೆ ನಾನೇನು ಅನ್ಯಾಯ ಮಾಡಿದ್ದೆ? ನಿಮ್ಮ ಪ್ಯಾಂಟಿನ ಸೊಂಟ ವರ್ಷಾವರ್ಷ ಬಿಡಿಸಿ ಬಿಡಿಸಿ ಹೊಲೀತಿದ್ದೀನಿ. ಒಂದು ದಿನ ಯಾರ ಹತ್ರ ಆದ್ರೂ ಬಾಯಿ ಬಿಟ್ಟಿದ್ದೀನಾ?”

ಈಗ ಇಡೀ ಬೀದಿಯೇ ಕೇಳಿಸಿಕೊಂಡಿತು. ಚೀಟಿರಾಯ ಹೊಟ್ಟೆಯನ್ನು ಒಳಕ್ಕೆಳೆದುಕೊಂಡು, “ಇದು ವಿಜ್ಞಾನಮ್ಮ, ವಿಜ್ಞಾನ. ಸೊಂಟದ ವಿಷಯ ಅಲ್ಲ,” ಎಂದ.

“ಸರಿ ಬಿಡಿ. ಮರ ಬಿದ್ದ ದಿನ ನನ್ನನ್ನ ಹುಡುಕಿ ಒಂದು ಚೀಟಿ ಕಟ್ಟಿ.”

ಅಂದಿನಿಂದ ಆಕೆ ಗಾಳಿ ಬೀಸಿದಾಗಲೆಲ್ಲ ಹೊಲಿಗೆ ಯಂತ್ರವನ್ನು ಬೀದಿಗೆ ಎಳೆದು ತಂದು, ಅಲ್ಲೇ ಕೂತು ಹೊಲಿಯತೊಡಗಿದಳು. ಗಿರಾಕಿಗಳು ರಸ್ತೆಯಲ್ಲಿ ನಿಂತು ಅಳತೆ ಕೊಡಲು ನಾಚಿ ಬೇರೆ ಕಡೆ ಹೋಗತೊಡಗಿದರು.

ಅಣಬೆ ಮಾತ್ರ ಬೆಳೆಯಿತು. ಬೆಳೆಯದೆ ಏನು? ಭಾವಮೈದುನ ಒಪ್ಪಿಕೊಂಡ ಕೆಲಸಗಳು ಹೆಚ್ಚಿದ್ದವು, ಅಕ್ಕನ ಮನೆಯ ಊಟ ನಿತ್ಯದ್ದು, ದಾರಿ ಅದೇ. ಕೆಂಪು ಪಟ್ಟಿಯ ಭಯ ವಾರ ಕಳೆಯುವಷ್ಟರಲ್ಲಿ ಹಳತಾಯಿತು. ಬೇರೆ ಕಡೆ ಹಿಂಡಿದರೆ ಜನ ಗುರುತು ಹಿಡಿದಾರು, ಫೋಮಿನ ಮೇಲೆ ಫೋಮ್ ಬಿದ್ದರೆ ಯಾರಿಗೆ ತಿಳಿದೀತು ಎಂಬುದು ಅವನ ತರ್ಕ. ಎಡಕ್ಕೊಂದು ಗಡ್ಡೆ, ಮೇಲೊಂದು ಮಡಿಕೆ, ಕೆಳಗೆ ಜೋತುಬಿದ್ದ ಕಿವಿಯಂಥದ್ದೊಂದು. ಚೀಟಿರಾಯ ಪ್ರತಿಯೊಂದಕ್ಕೂ ಚೀಟಿ ಕಟ್ಟಿದ. ಬಿಸಿಲಿಗೆ ಹಳದಿ ಕಿತ್ತಳೆಯಾಗಿ, ಕಿತ್ತಳೆ ಕಂದಾದಾಗ ‘ಮಾಗುತ್ತಿದೆ’ ಎಂದು ಬರೆದ.

ಊಟಕ್ಕೆ ಕೂತಾಗಲೂ ಅದೇ ಮಾತು.

“ಇವತ್ತು ಮತ್ತೆ ಒಂದು ಗೇಣು ಬೆಳೆದಿದೆ ಕಣೇ.”

“ನಿಮ್ಮ ಅಣಬೆ ನಮ್ಮ ಬಚ್ಚಲ ಕಿಟಕಿ ಸಂದೀಲೂ ಬೆಳೆದಿದೆ, ನೋಡಿದ್ದೀರಾ?” ಎಂದಳು ಹೆಂಡತಿ. “ಥೇಟ್ ಅದೇ ಬಣ್ಣ.”

ಭಾವಮೈದುನನಿಗೆ ನೆತ್ತಿಗೆ ಹತ್ತಿತು. ಚೀಟಿರಾಯ ತಟ್ಟೆ ಬಿಟ್ಟೆದ್ದು, ಭೂತಗನ್ನಡಿ ಹಿಡಿದು ಬಚ್ಚಲಿಗೆ ಓಡಿದ. ಬಹಳ ಹೊತ್ತಿನ ಮೇಲೆ ಒದ್ದೆಯಾಗಿ, ಕಣ್ಣರಳಿಸಿಕೊಂಡು ಬಂದ.

“ಹಬ್ಬುತ್ತಿದೆ!”

“ಹಬ್ಬದೆ ಏನ್ರೀ? ಇವನೇ ತಾನೇ ಕೂರಿಸಿದ್ದು ಆ ಕಿಟಕೀನ.”

“ಅಂದ್ರೆ ಇವನ ಕೈಗೆ ಅಂಟಿಕೊಂಡು ಬಂದಿದೆ! ಲೋ, ಕೈ ತೊಳೆದುಕೊಂಡು ಊಟ ಮಾಡೋ, ಘೋರ ವಿಷ!”

ಹೆಂಡತಿ ಗಂಡನನ್ನು ನೋಡಿದಳು, ತಮ್ಮನನ್ನು ನೋಡಿದಳು. ಇಬ್ಬರಲ್ಲಿ ಯಾರಿಗೆ ಮೊದಲು ಬೈಯಬೇಕೆಂದು ತೋಚದೆ ಮಜ್ಜಿಗೆ ಬಡಿಸಿದಳು.

ಮಳೆ ನಿಂತಿತು. ಕಾಡಿನ ಅಣಬೆಗಳು ಕಪ್ಪಾಗಿ ಕರಗಿದವು. ಚಳಿಗಾಲದವು ಬಂದು ಹೋದವು. ಬೇಸಿಗೆಯಲ್ಲಿ ಸಂಘದವರು ಬರಿಗೈಯಲ್ಲಿ ಮರಳುತ್ತಿದ್ದಾಗಲೂ ಒಣಮರದ ಮೇಲಿನದು ಒಂದು ಚೂರೂ ಬಾಡದೆ ನಿಂತಿತ್ತು. ಪ್ರೊಫೆಸರರು ಭಾವುಕರಾದರು. “ಎಲ್ಲ ಅಣಬೆಗೂ ಒಂದು ಋತು. ಇದಕ್ಕೆ ಎಲ್ಲ ಋತುವೂ ಒಂದೇ. ಇದು ಸರ್ವಋತು ಅಣಬೆ!” ಎಂದು ನಾಮಕರಣ ಮಾಡಿದರು. ಬೇರೆ ಊರುಗಳ ಸಂಘಗಳಿಂದ ಜನ ಬಂದರು. ಬಂದವರಿಗೆ ಅದು ಏನೆಂದು ಅನುಮಾನ ಬರಲಿಲ್ಲವೇ ಎಂದು ಓದುಗರು ಕೇಳಬಹುದು. ಬಂದಿತ್ತು. ಆದರೆ ಅನುಮಾನವಿದ್ದವನು ಪಕ್ಕದವನ ಮುಖ ನೋಡಿದ. ಪಕ್ಕದವನು ಮೆಚ್ಚುಗೆಯಿಂದ ತಲೆದೂಗುತ್ತಿದ್ದ, ಏಕೆಂದರೆ ಅವನೂ ಇವನ ಮುಖ ನೋಡಿಯಾಗಿತ್ತು. ವಿದ್ವತ್ತು ಹೀಗೆ ಕೈಯಿಂದ ಕೈಗೆ ದಾಟುತ್ತದೆ.

ನೋಡಲು ಬಂದವರಿಗೆ ನಿಲ್ಲಲು ಒಂದು ಕಟ್ಟೆ ಬೇಕಾಯಿತು. ಮುಖ್ಯ ಮುದ್ದೆ ಟೈಲರಮ್ಮನ ಕಡೆಗಿತ್ತು. ಚೀಟಿರಾಯನಿಗಾದರೋ ತನ್ನ ಕಡೆಯ ಹೂವಿನ ಕುಂಡಗಳು ಹಾಳಾಗಬಾರದಿತ್ತು. ಹಾಗಾಗಿ ಆಕೆಯ ಕಡೆಗೇ ನೆಲ ಅಗೆಸಿದ. ಅಗೆಯುವವನು, “ಸಾರ್, ದೊಡ್ಡ ಬೇರು ಅಡ್ಡ ಬಂತು,” ಎಂದ.

“ಕಡಿ,” ಎಂದ ಚೀಟಿರಾಯ.

“ಮರ ಅಲುಗಾಡಿಸಬಾರದು ಅಂತ ಬೋರ್ಡ್ ಇದೆಯಲ್ಲ ಸಾರ್?”

“ಮರ ಅಂತ ಇದೆ. ಬೇರು ಅಂತ ಎಲ್ಲಾದ್ರೂ ಇದೆಯಾ?”

ವಾರ್ಷಿಕ ಸಭೆಗೆ ಇನ್ನು ಕೆಲವೇ ದಿನ. ಅಧ್ಯಕ್ಷ ಪದವಿ ಚೀಟಿರಾಯನಿಗೇ ಎಂದು ನಿಶ್ಚಯವಾಗಿತ್ತು. ಷಡ್ಡಕನನ್ನೂ ಕರೆದಿದ್ದ, ಅವನಿಗೆ ಮೊದಲ ಸಾಲಿನಲ್ಲಿ ಕುರ್ಚಿ ಹಾಕಿಸಿ, ಬೆನ್ನಿಗೆ ‘ಕಾದಿರಿಸಲಾಗಿದೆ’ ಎಂಬ ಚೀಟಿಯನ್ನೂ ಕಟ್ಟಿದ್ದ. ಒಂದು ಬೆಳಿಗ್ಗೆ ಹಲ್ಲುಜ್ಜುತ್ತ ಹಿತ್ತಲಿಗೆ ಬಂದವನಿಗೆ ಕಟ್ಟೆಯ ಮೇಲೆ ಭಾವಮೈದುನ ನಿಂತಿರುವುದು ಕಂಡಿತು. ಕೈಯಲ್ಲಿ ಡಬ್ಬಿ. ಡಬ್ಬಿಯ ಮೂತಿಯಿಂದ ಅಣಬೆ ಬರುತ್ತಿತ್ತು.

ಚೀಟಿರಾಯ ಬಾಯಲ್ಲಿದ್ದ ನೊರೆಯನ್ನು ನುಂಗಿದ.

“ಏನೋ ಮಾಡ್ತಿದ್ದೀಯ?”

“ಡಬ್ಬಿ ಖಾಲಿ ಮಾಡ್ತಿದ್ದೀನಿ ಭಾವ.”

“ಅಣಬೆ ಮೇಲೆ ಯಾಕೋ?”

“ಯಾವ ಅಣಬೆ ಭಾವ? ಬೇಜಾರು ಮಾಡ್ಕೋಬೇಡಿ. ಇದು ಮೇಲಿಂದ ಕೆಳಗಿನ ತನಕ ನಾನೇ.” ಅವನ ದನಿಯಲ್ಲಿ ಪಶ್ಚಾತ್ತಾಪಕ್ಕಿಂತ ಹೆಮ್ಮೆಯೇ ಹೆಚ್ಚಿತ್ತು. “ಎಷ್ಟು ಜನ ಬರ್ತಾರೆ ಭಾವ! ಇಷ್ಟು ವರ್ಷ ಕಿಟಕಿ ಕೂರಿಸಿದೆ, ಒಬ್ಬನೂ ತಿರುಗಿ ನೋಡಿರಲಿಲ್ಲ. ಆ ಕಿವಿ ಥರ ಇದೆಯಲ್ಲ, ಅದನ್ನ ಉಸಿರು ಬಿಗಿ ಹಿಡಿದು ಮಾಡಿದ್ದು.”

ಆಚೆ ಟೈಲರಮ್ಮ ಯಂತ್ರವನ್ನು ಬೀದಿಗೆ ಎಳೆಯುತ್ತಿದ್ದಳು. ಬೆಳಗಿನಿಂದಲೇ ಗಾಳಿ ಇತ್ತು. ಚಕ್ರ ಕಲ್ಲಿಗೆ ಸಿಕ್ಕಿ ಕಿರುಗುಟ್ಟುತ್ತಿತ್ತು. ಚೀಟಿರಾಯ ಒಂದು ಮಾತು ಹೇಳಿದ್ದರೆ ಅಂದೇ ಮಧ್ಯಾಹ್ನ ಗರಗಸ ಬರುತ್ತಿತ್ತು. ಆ ಗಳಿಗೆಯಲ್ಲಿ ಅವನ ಮನಸ್ಸಿನಲ್ಲಿ ಏನು ನಡೆಯಿತೆಂದು ನೋಡಲು ನಾವು ಒಳಗೆ ಹೋಗುವುದಿಲ್ಲ. ಅಲ್ಲಿ ಇಬ್ಬರು ನಿಲ್ಲುವಷ್ಟು ಜಾಗವಿರಲಿಲ್ಲ.

“ಡಬ್ಬಿ ಬಚ್ಚಿಡೋ, ಯಾರಾದ್ರೂ ನೋಡಿಯಾರು,” ಎಂದ. ಎರಡು ಹೆಜ್ಜೆ ಹೋದವನು ತಿರುಗಿ ನಿಂತ. “ಬಲಗಡೆ ಸ್ವಲ್ಪ ಬೋಳಾಗಿ ಕಾಣುತ್ತೆ. ಅಲ್ಲಿಗೂ ಒಂದಿಷ್ಟು ಹಾಕು.”

ಸಭೆಯ ದಿನ ಮಧ್ಯಾಹ್ನ ಗಾಳಿ ಜೋರಾಯಿತು. ಸಭಾಂಗಣ ಪಕ್ಕದ ಬೀದಿಯಲ್ಲೇ ಇತ್ತು. ಹೆಂಡತಿ, “ನಾನು ಬರಲ್ಲ, ಟೈಲರಮ್ಮ ಒಬ್ಬಳೇ ಯಂತ್ರ ಎಳೀತಿದ್ದಾಳೆ,” ಎಂದು ಬೀದಿಯಲ್ಲೇ ಉಳಿದಳು. ಪ್ರೊಫೆಸರರು ಕುರ್ಚಿಯಿಂದ ಎದ್ದು ಚೀಟಿರಾಯನನ್ನು ಕೂರಿಸಿದರು. ಶಾಲು ಹೊದಿಸಿದರು. ಅವನು ಮೈಕಿನ ಮುಂದೆ ನಿಂತು, ಮೊದಲ ಸಾಲಿನ ಷಡ್ಡಕನನ್ನೇ ದಿಟ್ಟಿಸುತ್ತ, “ನಮ್ಮ ನಡುವೆ ಬಹುಕಾಲದಿಂದ ಯಾರೂ ಗುರುತಿಸದೆ ಇದ್ದ ಒಂದು ಅಪೂರ್ವ ಜೀವ...” ಎಂದು ಶುರುಮಾಡಿದ. ಅವನು ಅಣಬೆಯ ಬಗ್ಗೆ ಹೇಳುತ್ತಿದ್ದಾನೋ ತನ್ನ ಬಗ್ಗೆಯೋ ಎಂದು ಸಭೆ ಯೋಚಿಸುತ್ತಿರುವಾಗ ದೊಡ್ಡ ಸದ್ದಾಯಿತು. ಸಭೆ ಅದನ್ನು ಹೊರಗಿನ ಚಪ್ಪಾಳೆ ಎಂದು ತಿಳಿದು ತಾನೂ ತಟ್ಟಿತು.

ಮರ ಬಿದ್ದಿತ್ತು. ಬುಡ ಟೊಳ್ಳು, ಟೈಲರಮ್ಮನ ಕಡೆಯ ಬೇರು ಕಡಿದದ್ದು, ಗಾಳಿ ಬೀಸಿದ್ದೂ ಅದೇ ಕಡೆಯಿಂದ. ಹಿಡಿದಿಡುವುದು ಏನೂ ಇಲ್ಲದ ಮರ ಇನ್ನೊಂದು ಕಡೆಗೆ, ಎಂದರೆ ಚೀಟಿರಾಯನ ಮನೆಯ ಮೇಲೆ ಉರುಳಿತ್ತು. ಚಾವಣಿ ಸೀಳಿ, ಮಲಗುವ ಕೋಣೆಗಿಳಿದು, ಅವನ ಮಂಚದ ಮೇಲೆ ಮಲಗಿತ್ತು. ಸರ್ವಋತು ಅಣಬೆ ಒಂದು ಚೂರೂ ಮುಕ್ಕಾಗದೆ, ಸರಿಯಾಗಿ ತಲೆದಿಂಬಿನ ಜಾಗದಲ್ಲಿ ಮೇಲ್ಮುಖವಾಗಿ ಕೂತಿತ್ತು.

ಟೈಲರಮ್ಮನ ತಗಡಿನ ಮೇಲೆ ಒಂದು ಒಣ ಕಡ್ಡಿ ಬಿದ್ದಿತ್ತು. ಆಕೆ ಅದನ್ನು ಪೊರಕೆಯಿಂದ ತಳ್ಳಿ, “ರಾಯರೇ, ನಿಮ್ಮ ಕಡೇದು,” ಎಂದು ಕೈಗೆ ಕೊಟ್ಟಳು.

ಅಧಿಕಾರಿ ಬಂದು, ಕೆಂಪು ಪಟ್ಟಿಯನ್ನು ಈಗ ಮಂಚದ ಸುತ್ತ ಕಟ್ಟಿಸಿದ.

“ಸಮಿತಿ ಬಂದು ನೋಡೋ ತನಕ ಮರ ಮುಟ್ಟೋ ಹಾಗಿಲ್ಲ.”

“ಯಾವಾಗ ಬರುತ್ತೆ ಸಾರ್ ಸಮಿತಿ?”

“ಮೊದಲು ರಚನೆ ಆಗಬೇಕಲ್ಲ.”

ಚೀಟಿರಾಯ ಆಕಾಶ ಕಾಣುವ ಚಾವಣಿಯನ್ನು ನೋಡಿದ. ಅಧಿಕಾರಿಯನ್ನು ಮೂಲೆಗೆ ಎಳೆದು, “ಸಾರ್... ಅದು ಅಣಬೆ ಅಲ್ಲ. ಕಿಟಕಿಗೆ ಹಾಕೋ ಫೋಮು,” ಎಂದ.

ಅಧಿಕಾರಿಗೆ ಆಶ್ಚರ್ಯವೇನೂ ಆಗಲಿಲ್ಲ. “ಆಯ್ತು. ಹಾಗಾದ್ರೆ ಹೊರಗೆ ನಿಮ್ಮ ಸಂಘದವರೆಲ್ಲ ಇದ್ದಾರೆ, ನಿಮ್ಮ ಷಡ್ಡಕರೂ ಇದ್ದಾರೆ. ಅವರ ಮುಂದೆ ಗಟ್ಟಿಯಾಗಿ ಒಂದು ಸಲ ಹೇಳಿಬಿಡಿ. ಈಗಲೇ ಮರ ತೆಗೆಸ್ತೀನಿ.”

ಬಾಗಿಲಲ್ಲಿ ಜನ ಸೇರಿದ್ದರು. ಹೆಂಡತಿ ಸೆರಗು ಬಿಗಿದು ನಿಂತಿದ್ದಳು. “ಹೇಳ್ರೀ,” ಎಂದು ಅವನ ಕಿವಿಯಲ್ಲಿ ಪಿಸುಗುಟ್ಟಿದಳು. “ನನ್ನ ತಮ್ಮನೇ ಹಿಂಡಿದ್ದು ಅಂತ ನನಗೂ ಗೊತ್ತು. ಒಂದು ಮಾತು. ನಾವು ಮಲಗೋದು ಎಲ್ಲಿ?”

ಷಡ್ಡಕ ಕತ್ತು ಚಾಚಿ, ತನ್ನ ಪಕ್ಕದಲ್ಲಿದ್ದವರಿಗೆ ಹೇಳುತ್ತಿದ್ದ: “ಇವರು ನಮ್ಮ ಷಡ್ಡಕರು. ಅಣಬೆ ಸಂಘದ ಅಧ್ಯಕ್ಷರು.”

ನಡುವೆ ಎಲ್ಲೂ ಮೌನವಿರಲಿಲ್ಲ.

ಚೀಟಿರಾಯ ಶಾಲನ್ನು ಸರಿಪಡಿಸಿಕೊಂಡ. “ಅಣಬೇನೇ,” ಎಂದ.

ಹೆಂಡತಿ ಅಂದೇ ಪೆಟ್ಟಿಗೆ ಎತ್ತಿಕೊಂಡು ಪಕ್ಕದ ಮನೆಗೆ ಹೋದಳು. ಅಲ್ಲಿ ಈಗ ಗುಂಡಿ ಹೊಲಿಯುತ್ತಾಳೆ. ಬೆಳಕಿಗೆ ಅಡ್ಡವಾಗಿದ್ದ ಮರ ಹೋದದ್ದರಿಂದ ಕೋಣೆ ಚೆನ್ನಾಗಿದೆಯಂತೆ, ಗಿರಾಕಿಗಳೂ ಮರಳಿದ್ದಾರಂತೆ. ಸಮಿತಿ ಇನ್ನೂ ರಚನೆಯಾಗುತ್ತಿದೆ. ಭಾವಮೈದುನ ಚಾವಣಿಗೂ ಮರಕ್ಕೂ ನಡುವಿನ ಸಂದಿಗೆ ಡಬ್ಬಿಗಟ್ಟಲೆ ಫೋಮ್ ಹಿಂಡಿ ಮಳೆನೀರು ತಡೆದಿದ್ದಾನೆ. ಅದನ್ನು ಚೀಟಿರಾಯ ‘ಎರಡನೆಯ ವಸಾಹತು’ ಎಂದು ದಾಖಲಿಸಿದ್ದಾನೆ. ಭಾನುವಾರಗಳಂದು ಜನ ಚಪ್ಪಲಿ ಹೊರಗೆ ಬಿಟ್ಟು ಬಂದು, ಮಂಚಕ್ಕೆ ಪ್ರದಕ್ಷಿಣೆ ಹಾಕಿದಂತೆ ಸುತ್ತಿ ನೋಡುತ್ತಾರೆ. ಅಧ್ಯಕ್ಷರು ಉಳಿದ ದಿನಗಳಲ್ಲಿ ಅದೇ ಮಂಚದ ಕೆಳಗೆ ಮಲಗುತ್ತಾರೆ.

ಈ ಸಲದ ಮೊದಲ ಮಳೆ ಬಂದ ಬೆಳಿಗ್ಗೆ ಎದ್ದು ನೋಡಿದರೆ, ಕಾಂಡದ ತೇವದಲ್ಲಿ, ಸರ್ವಋತುವಿನ ಸುತ್ತಲೂ, ಸಾವಿರಾರು ಪುಟ್ಟ ಅಣಬೆಗಳು ಎದ್ದಿದ್ದವು. ತೆಳ್ಳನೆ ಕಾಲು, ನೀಲಿ ಛಾಯೆಯ ಕೊಡೆ. ಸಂಘದ ಇಷ್ಟು ವರ್ಷಗಳ ದಾಖಲೆಗಳಲ್ಲಿ ಅಂಥದ್ದು ಇರಲಿಲ್ಲ. ಅಂದು ಭಾನುವಾರ, ಹೊರಗೆ ಆಗಲೇ ಚಪ್ಪಲಿಗಳ ಸದ್ದು. ಚೀಟಿರಾಯ ಗಾಬರಿಯಿಂದ ಪೊರಕೆ ತಂದು ಅವನ್ನೆಲ್ಲ ಗುಡಿಸಿ, ಮೊರದಲ್ಲಿ ತುಂಬಿ, ಹಿತ್ತಲ ಬಾಗಿಲಿನಿಂದ ಹೊರಗೆಸೆದ.

ಮುಖ್ಯವಾದದ್ದಕ್ಕೆ ಅಡ್ಡ ಬರುತ್ತಿದ್ದವು.